ಮರ್ಲಿನ್‌ಳ ಮಧ್ಯಾಹ್ನದ ಊಟ

ರಾಜೀವನಗರ
ಮಂಗಳವಾರ

ಶಿಲ್ಪಶ್ರೀ ಮೇಡಂ ಅವರಿಗೆ, ಮೂರನೇ ಕ್ಲಾಸಿನ ಮರ್ಲಿನ್ ತಾಯಿಯ ನಮಸ್ಕಾರಗಳು.

ದಿನಾ ಮಧ್ಯಾಹ್ನ ಬಂದು ಮಗಳಿಗೆ ತಿನ್ನಿಸುವ ನಾನು, ನಿನ್ನೆ ಬಸ್ಸು ಕೆಟ್ಟು ಊಟದ ಹೊತ್ತಿಗೆ ಸ್ಕೂಲು ತಲುಪಲಿಲ್ಲ. ಆಯಾ ಮಹದೇವಮ್ಮನವರೇ ಮಗುವಿಗೆ ತಿನ್ನಿಸಿದರು. ದಯವಿಟ್ಟು ಅದಕ್ಕೆ ಅವರನ್ನು ಬೈಯಬೇಡಿ. ಗಂಟಲಿಗೆ ಸಿಕ್ಕಿಕೊಂಡಿದ್ದರೆ ಏನು ಗತಿ ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹುಟ್ಟಿದಾಗಿನಿಂದ ಅವಳಿಗೆ ನುಂಗುವುದು ಕಷ್ಟ; ಎಂಟು ವರ್ಷದಿಂದ ನಾನೂ ಅದೇ ಭಯದಲ್ಲಿದ್ದೇನೆ. ಆದರೆ ಅವರು ದಿನಾ ನನ್ನನ್ನು ನೋಡಿ ಕಲಿತಿದ್ದಾರೆ. ನೆಟ್ಟಗೆ ಕೂರಿಸಿ, ನುಣ್ಣಗೆ ಕಿವುಚಿದ ಅನ್ನವನ್ನು ಅರ್ಧರ್ಧ ಚಮಚ ಕೊಟ್ಟು, ನುಂಗುವವರೆಗೂ ಕಾದಿದ್ದಾರೆ. "ಒಂದ್ಸಲಾನೂ ಕೆಮ್ಮು ಬರ್ಲಿಲ್ಲ ಕಣಮ್ಮ," ಅಂದಳು ಮಗಳು.

ವಾರಕ್ಕೆ ಎರಡು ದಿನವಾದರೂ ಅವರೇ ತಿನ್ನಿಸಲು ಒಪ್ಪಿಗೆ ಕೊಡಿ. ಹೇಗೆ ತಿನ್ನಿಸಬೇಕೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಜೊತೆಗಿಟ್ಟಿದ್ದೇನೆ.

ನಾನು ಬಂದಾಗ ಡಬ್ಬಿ ಖಾಲಿಯಾಗಿತ್ತು, ಮೇಡಂ. ಮಾಡಲು ಕೆಲಸವಿಲ್ಲದೆ ಸ್ಕೂಲಿನ ಮೆಟ್ಟಿಲ ಮೇಲೆ ಕೂತೆ. ಆಗ ಗೊತ್ತಾಯಿತು, ನನಗೂ ಹಸಿವಾಗಿತ್ತು.

ಇಂತಿ,
ವಿನೀತಾ ರಾಬರ್ಟ್