ನಿನ್ನ ಕಡೆಯದನ್ನು ಅಳಿಸಿದ ಮೇಲೆ

ಸ್ಕೇಲಮ್ಮನಿಗೆ,

ಮೊನ್ನೆ ಬೆಳಿಗ್ಗೆ ನಿನ್ನ ಮೆಸೇಜು ಬಂತು. ಎಂಟು ತಿಂಗಳಾದ ಮೇಲೆ ಬಂದದ್ದು ಇಷ್ಟೇ: "ದಬ್ಬಣಾ, ಇಲ್ಲಿ ಕೆಲಸ ಬಿಟ್ಟೆ ಕಣೇ. ಒಂದನೇ ತಾರೀಖಿನಿಂದ ವಾಪಸ್ ಬರ್ಲಾ? ಕಂಪ್ಯೂಟರಲ್ಲಿ ನನ್ನ ಕಡೆಯದು ಹಾಗೇ ಇದೆ ತಾನೆ?" ಹೇಗಿದ್ದೀಯ ಅಂತ ಒಂದು ಮಾತಿಲ್ಲ, ಅಮ್ಮ ಹೇಗಿದ್ದಾರೆ ಅಂತಲೂ ಇಲ್ಲ. ನಾನೂ ಎರಡು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಹೊಟ್ಟೆಯಲ್ಲಿ ಇಷ್ಟು ಇಟ್ಟುಕೊಂಡು ಎರಡು ಸಾಲು ಬರೆಯಲು ನನಗೆ ಬರುವುದಿಲ್ಲ. ಅದಕ್ಕೇ ಹೊಲಿಗೆ ಮಿಷನ್ನು ಬದಿಗೆ ಸರಿಸಿ ಕಾಗದ ಇಟ್ಟುಕೊಂಡು ಕೂತಿದ್ದೇನೆ.

ಮೊದಲು ಕಂಪ್ಯೂಟರಿನ ವಿಷಯ ಹೇಳಿಬಿಡುತ್ತೇನೆ. ನಿನ್ನ ಕಡೆಯದು ಇಲ್ಲ. ನೀನು ಹೋದ ಹದಿನೇಳನೇ ದಿನವೇ ಅಳಿಸಿದೆ. ನೀನು ವಾಪಸು ಬರಬೇಕೋ ಬೇಡವೋ ಎನ್ನುವುದು ಬರೆಯುತ್ತಾ ಹೋದರೆ ನನಗೇ ಗೊತ್ತಾಗಬಹುದು. ಈಗಂತೂ ಗೊತ್ತಿಲ್ಲ.

ಆರು ವರ್ಷದ ಹಿಂದೆ ಆ ಹಳೆಯ ಕಂಪ್ಯೂಟರನ್ನು ಇಬ್ಬರೂ ಸೇರಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಸಿದ್ದು ನಿನಗೆ ನೆನಪಿರಬೇಕು. ನೀನು ಗೆರೆ ಎಳೆಯುವವಳು, ನಾನು ಹೊಲಿಯುವವಳು. ಸುಟ್ಟ ಕೈಯ ಗಾಯ ಒಣಗಿದ ಮೇಲೆ ಚರ್ಮ ಗಂಟುಗಟ್ಟಬಾರದು ಎಂದು ಹಗಲೂ ರಾತ್ರಿ ತೊಟ್ಟುಕೊಳ್ಳುವ ಬಿಗಿ ಕೈಗವಸು ನಮ್ಮ ಕಸುಬು. ಒಂದು ಕೈಗೆ ಇಪ್ಪತ್ತಾರು ಅಳತೆ. ನೀನು ಕೂದಲಿಗೆ ಕ್ಲಿಪ್ಪಿನ ಬದಲು ಆರಿಂಚಿನ ಸ್ಕೇಲು ಸಿಕ್ಕಿಸಿಕೊಂಡು, ಒಂದೊಂದು ಬೆರಳಿಗೂ ಟೇಪು ಸುತ್ತಿ, ನೋಯದ ಹಾಗೆ ಮಾತಾಡಿಸುತ್ತಾ ಅಳತೆ ತೆಗೆಯುತ್ತಿದ್ದೆ. ಆ ಕೆಲಸದಲ್ಲಿ ನಿನ್ನನ್ನು ಮೀರಿಸಿದವರನ್ನು ನಾನು ಇವತ್ತಿಗೂ ನೋಡಿಲ್ಲ. ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ನಿನ್ನ ಗೆರೆ ಎಳೆಯುವ ಪ್ರೋಗ್ರಾಮು ನನ್ನ ವಿಂಡೋಸಿನಲ್ಲಿ ಓಡುವುದಿಲ್ಲವೆಂದು ನೀನು ಅದೇ ಡಿಸ್ಕಿನಲ್ಲಿ ಅರ್ಧ ಜಾಗ ಮಾಡಿ ಲಿನಕ್ಸ್ ಎನ್ನುವ ಇನ್ನೊಂದು ಸಿಸ್ಟಮ್ ಕೂರಿಸಿದೆ. "ಒಂದೇ ಮನೇಲಿ ಎರಡು ಸಂಸಾರ ಕಣೇ" ಅಂದಿದ್ದೆ. ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು. ಮೇಲಿನದು ನಿನ್ನದು, ಕೆಳಗಿನದು ನನ್ನದು. ಹತ್ತು ಸೆಕೆಂಡಿನೊಳಗೆ ನಾನು ಕೆಳಗಿನ ಬಾಣದ ಕೀಲಿ ಒತ್ತದಿದ್ದರೆ ಅದು ತಾನಾಗಿ ನಿನ್ನ ಕಡೆಗೇ ಹೋಗುತ್ತಿತ್ತು. ಎಷ್ಟೋ ಸಲ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಮತ್ತೆ ಆರಿಸಬೇಕು, ಮತ್ತೆ ಹಚ್ಚಬೇಕು, ಮತ್ತೆ ಕಾಯಬೇಕು. ನನ್ನದನ್ನು ಮೇಲೆ ಹಾಕೇ ಎಂದರೆ, "ಒಂದು ಕೀ ಒತ್ತೋಕೆ ನಿಂಗೇನೇ ರೋಗ?" ಅನ್ನುತ್ತಿದ್ದೆ. ನಾನು ನಗುತ್ತಿದ್ದೆ. ಹೀಗೇ ಆರು ವರ್ಷ ನಕ್ಕೆ ನೋಡು.

ಹೋಗುವ ದಿನ ನೀನು ಹೇಳಿದ್ದು, "ಅತ್ತೆಗೆ ಹುಷಾರಿಲ್ಲ, ಸ್ವಲ್ಪ ದಿನ ರಜೆ. ನನ್ನ ಕಡೆಯದನ್ನ ಮಾತ್ರ ಮುಟ್ಟಬೇಡ." ಅಮ್ಮ ನಿನ್ನ ಅತ್ತೆಗೆಂದು ಗಂಜಿ ಮಾಡಿ ಡಬ್ಬಿಗೆ ತುಂಬಿ ಕೊಟ್ಟಳು. ಡಬ್ಬಿಯನ್ನೂ ನೀನು ವಾಪಸು ತರಲಿಲ್ಲ. ಆ ಡಬ್ಬಿಗಾಗಿ ನಾನು ಅಳುತ್ತಿಲ್ಲ, ಸುಮ್ಮನೆ ಹೇಳಿದೆ.

ಹದಿನಾರನೇ ದಿನ ಬೇಕರಿಯಾಕೆ ಬಂದಳು. ಒಲೆಯ ಬಾಗಿಲಿಗೆ ಬಲಗೈ ಸಿಕ್ಕಿ ಸುಟ್ಟುಕೊಂಡವಳು, ನೀನೇ ಒಂಬತ್ತು ತಿಂಗಳು ಅಳತೆ ತೆಗೆದಿದ್ದೆಯಲ್ಲ, ಅವಳು. ಮೂರು ತಿಂಗಳಿಗೆ ಗವಸು ಸಡಿಲವಾಗುತ್ತದಲ್ಲ, ಹೊಸದು ಬೇಕಿತ್ತು. ಕುರ್ಚಿಯಲ್ಲಿ ಕೂತವಳೇ ಕೇಳಿದಳು, "ನೀವು ಅಂಗಡಿ ಮುಚ್ತಾ ಇದ್ದೀರಂತೆ, ಹೌದಾ? ಸ್ಕೇಲಮ್ಮ ದೊಡ್ಡಾಸ್ಪತ್ರೆಯಿಂದ ಫೋನ್ ಮಾಡಿದ್ರು. ನಿಮ್ಮ ಅಳತೆ ಎಲ್ಲಾ ಇಲ್ಲೇ ಇದೆ, ಇನ್ಮೇಲೆ ಇಲ್ಲಿಗೇ ಬನ್ನಿ ಅಂದ್ರು. ನಂಗೆ ನಿಮ್ಮ ಹೊಲಿಗೆ ಅಭ್ಯಾಸ ಆಗಿಬಿಟ್ಟಿದೆ, ಕೇಳಿಬಿಡೋಣ ಅಂತ ಬಂದೆ."

ನಾನು ಅವಳ ಎದುರಿಗೇ ಕಂಪ್ಯೂಟರ್ ಹಚ್ಚಿದೆ. ಹತ್ತು ಸೆಕೆಂಡು ಏನೂ ಒತ್ತದೆ ಕೈ ಕಟ್ಟಿಕೊಂಡು ಕೂತೆ. ನಿನ್ನ ಕಡೆಯದು ತೆರೆಯಿತು. ಅಲ್ಲಿ ಮುನ್ನೂರ ನಲವತ್ತು ಕೈಗಳಿರಬೇಕಿತ್ತು. ಎಲ್ಲ ಬರಿದಾಗಿತ್ತು. ನಕಲು ಮಾಡಿಕೊಂಡು ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಹೇಳು? ನಿನಗೂ ಇರುತ್ತಿತ್ತು, ನನಗೂ ಉಳಿಯುತ್ತಿತ್ತು. ನೀನು ಕತ್ತರಿಸಿ ಒಯ್ದೆ. ಬೇಕರಿಯಾಕೆಯ ಚರ್ಮ ತಿಂಗಳು ತಿಂಗಳು ಎಷ್ಟು ಇಳಿದಿತ್ತು, ಯಾವ ಬೆರಳ ಸಂದಿಯಲ್ಲಿ ಬಿಗಿ ಹೆಚ್ಚಿಸಬೇಕು, ಯಾವುದರಲ್ಲಿ ಬಿಡಬೇಕು ಎನ್ನುವುದೆಲ್ಲ ಅದರಲ್ಲಿತ್ತು. ಇವತ್ತಿನ ಕೈಯನ್ನು ಯಾರು ಬೇಕಾದರೂ ಅಳೆಯಬಹುದು. ಕಳೆದ ಒಂಬತ್ತು ತಿಂಗಳ ಕೈಯನ್ನು ಎಲ್ಲಿಂದ ತರಲಿ?

ಖಾಲಿ ಫೋಲ್ಡರಿನ ಪಕ್ಕದಲ್ಲಿ ತಾರೀಖಿತ್ತು. ನೀನು ಹೋಗುವುದಕ್ಕೆ ಮೂರು ವಾರ ಮುಂಚಿನ ಮಂಗಳವಾರ. ಆಮೇಲೆ ಹೋಗುವವರೆಗೂ ಪೆನ್‌ಡ್ರೈವಿನಿಂದಲೇ ಗೆರೆ ಎಳೆದಿರಬೇಕು ನೀನು. ಆ ಮಂಗಳವಾರ ನನಗೆ ಜ್ವರ. "ನೀನು ಹೋಗಿ ಮಲಕ್ಕೋ, ನಾನು ನೋಡ್ಕೋತೀನಿ" ಎಂದು ನನ್ನ ಹಣೆ ಮುಟ್ಟಿ ಮನೆಗೆ ಕಳಿಸಿದ್ದೆ. ನಾನು ಅಮ್ಮನ ಹತ್ತಿರ, ಸ್ವಂತ ಅಕ್ಕ ಇದ್ದಿದ್ದರೂ ಇಷ್ಟು ನೋಡಿಕೊಳ್ಳುತ್ತಿರಲಿಲ್ಲ ಎಂದು ಹೇಳಿ ಮಲಗಿದೆ. ಚೆನ್ನಾಗಿಯೇ ನೋಡಿಕೊಂಡೆ ಬಿಡು.

ಆ ಫೋಲ್ಡರಿನ ಹೊರಗೆ ಇನ್ನೊಂದು ಇತ್ತು. ಎಲ್ಲ ತೆಗೆದುಕೊಂಡು ಹೋದವಳು ಒಂದೇ ಒಂದು ಕೈ ಬಿಟ್ಟಿದ್ದೆ. ಹೆಸರು ನೋಡಿದೆ, 'ದಬ್ಬಣ'. ಮೊದಲ ವಾರ ಪ್ರೋಗ್ರಾಮು ಸರಿಯಾಗಿದೆಯೇ ಎಂದು ನೋಡಲು ನನ್ನ ಕೈಯನ್ನೇ ಅಳೆದಿದ್ದೆಯಲ್ಲ, ಅದು. ಮರೆತು ಬಿಟ್ಟದ್ದೋ, ಬೇಡವೆಂದು ಬಿಟ್ಟದ್ದೋ ನಿನ್ನನ್ನು ಕೇಳುವುದಿಲ್ಲ. ಮರೆತೆ ಎಂದರೂ ಉರಿಯುತ್ತದೆ, ಬೇಡವಾಗಿತ್ತು ಎಂದರೂ ಉರಿಯುತ್ತದೆ.

ಮಾರನೇ ದಿನ ನನ್ನ ಕಡೆಯಿಂದ ಡಿಸ್ಕಿನ ಭಾಗಗಳನ್ನು ತೋರಿಸುವ ಕಿಟಕಿ ತೆರೆದು ನಿನ್ನ ಭಾಗವನ್ನು ಅಳಿಸಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಹೌದು ಎಂದೆ. ನನ್ನ ಕೈಯ ಚಿತ್ರವೂ ಅದರ ಜೊತೆಗೇ ಹೋಯಿತು, ಹೋಗಲಿ ಎಂದೇ ಒತ್ತಿದ್ದು. ಆಮೇಲೆ ಆರಿಸಿ ಹಚ್ಚಿದರೆ ಕಪ್ಪು ಪರದೆ, ಅಂಥ ಭಾಗವೇ ಇಲ್ಲವೆನ್ನುವ ಒಂದು ಸಾಲು, ಮಿಟುಕುವ ಗೀಟು. ನಿನ್ನದೂ ಇಲ್ಲ, ನನ್ನದೂ ಇಲ್ಲ. ಗಿರಾಕಿಗಳ ಫೋನ್ ನಂಬರು, ಡಾಕ್ಟರುಗಳ ಚೀಟಿ, ಅರ್ಧ ಹೊಲಿದ ಮೂರು ಗವಸಿನ ವಿವರ ಎಲ್ಲ ನನ್ನ ಕಡೆ ಇದ್ದವು. ತಲೆ ಮೇಲೆ ಕೈ ಹೊತ್ತು ಕೂತೆ.

ಎದುರು ಸಾಲಿನ ರಿಪೇರಿ ಅಂಗಡಿಯ ಯಜಮಾನರನ್ನು ಕರೆದುಕೊಂಡು ಬಂದೆ. ಅವರು ಕನ್ನಡಕ ಹಣೆಗೇರಿಸಿ ಕೇಳಿದರು, "ಏನಮ್ಮಾ, ಅಳಿಸೋಕೆ ಮುಂಚೆ ಬೂಟ್ ಲೋಡರ್ ಸರಿ ಮಾಡ್ಲಿಲ್ವಾ?" ಅದೇನೆಂದು ನನಗೇನು ಗೊತ್ತು? ಅವರು ಬಿಡಿಸಿ ಹೇಳಿದರು. "ಮಿಷನ್ ಎದ್ದ ತಕ್ಷಣ ಯಾವ ಕಡೆ ಹೋಗ್ಬೇಕು ಅಂತ ಹೇಳೋದೇ ಅದು. ನಿಮ್ಮದು ಮೊದಲಿಂದ ಇತ್ತು. ಆಯಮ್ಮ ಅದನ್ನ ತೆಗೆದು ತಮ್ಮದು ಕೂರಿಸಿದ್ರು. ಆರು ವರ್ಷದಿಂದ ನೀವು ಅವರ ಬಾಗಿಲಿಂದ ನಿಮ್ಮ ಮನೆಗೆ ಹೋಗ್ತಾ ಇದ್ರಿ. ಮೊದಲು ನಿಮ್ಮ ಬಾಗಿಲು ಕೂರಿಸ್ಕೊಂಡು ಆಮೇಲೆ ಅವರದನ್ನ ಒಡೀಬೇಕಿತ್ತು. ಸಿಟ್ಟಲ್ಲಿ ಮಾಡಿದ್ರಾ?"

ಹೌದು, ಸಿಟ್ಟಲ್ಲೇ ಮಾಡಿದೆ ಎಂದೆ. ಅವರು ಕನ್ನಡಕ ಕಣ್ಣಿಗಿಳಿಸಿದರು. ಪೆನ್‌ಡ್ರೈವ್ ಹಾಕಿ ರಿಪೇರಿಯ ಪರದೆ ತೆಗೆದು ಎರಡು ಸಾಲು ಟೈಪ್ ಮಾಡಿದರು. ನನ್ನ ಹಳೆಯ ಬೂಟ್ ಲೋಡರ್ ತನ್ನ ಜಾಗಕ್ಕೆ ಬಂತು. ನನ್ನ ಕಡೆಯದು ಒಂದು ಅಕ್ಷರವೂ ಹಾಳಾಗದೆ ತೆರೆಯಿತು. ಅಲ್ಲೇ, ಅವರೆದುರಿಗೇ, ಅತ್ತುಬಿಟ್ಟೆ. ನಿನ್ನ ಖಾಲಿ ಜಾಗವನ್ನು ನನ್ನದಕ್ಕೆ ಸೇರಿಸಿಕೊಟ್ಟು, "ಈಗ ಪೂರ್ತಿ ನಿಮ್ಮದೇ" ಎಂದು ಹೇಳಿ ಹೋದರು.

ಬೇಕರಿಯಾಕೆಯ ಗವಸಿಗೆ ಅಳತೆ ನಾನೇ ತೆಗೆದೆ. ಹಾಕಿಕೊಂಡು ಒಂದು ಗಂಟೆಯಲ್ಲಿ ಉಂಗುರ ಬೆರಳು ನೀಲಿಯಾಯಿತು. ಓಡಿಬಂದು ಕೈ ಚಾಚಿದಳು. ಕತ್ತರಿ ಹಾಕಿ ಬಿಚ್ಚುತ್ತಾ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಯುವವರೆಗೂ ಅವಳು ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಾ ಕೂತಿದ್ದು, "ಆಯ್ತಾ? ಇನ್ನೊಂದ್ಸಲ ಅಳತೆ ತೊಗೊಳ್ಳಿ" ಅಂದಳು. ಎರಡನೆಯದು ಸಡಿಲವಾಯಿತು. ಮೂರನೆಯದು ಸರಿಹೋಯಿತು. ಈಗ ಪುಸ್ತಕದಲ್ಲಿ ಪೆನ್ಸಿಲಿನಿಂದ ಕೈ ಬಿಡಿಸುತ್ತೇನೆ. ಗೆರೆ ಸೊಟ್ಟ. ಅಳತೆ ಸೊಟ್ಟವಲ್ಲ.

ಅಮ್ಮನಿಗೆ ನಿನ್ನ ಮೆಸೇಜು ಓದಿ ಹೇಳಿದೆ. "ಪಾಪ, ಅವಳಿಗೆ ಅಲ್ಲಿ ಏನು ತೊಂದ್ರೆ ಆಯ್ತೋ ಏನೋ, ಬರ್ಲಿ ಬಿಡೇ" ಅಂದಳು. ಅವಳಿಗೇನು, ಗಂಜಿ ಮಾಡಿ ಕಳಿಸಿದವಳು. ನನಗೂ ಹಾಗನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋವಿನ ಕೈ ಮುಂದೆ ಚಾಚಿದವರನ್ನು ಮಾತಾಡಿಸಲು ಬಾರದೆ ನಾನು ಒದ್ದಾಡುವಾಗೆಲ್ಲ ನೀನಿರಬೇಕಿತ್ತು ಅನ್ನಿಸುತ್ತದೆ. ನಿನ್ನ ಮೆಸೇಜಿಗೆ 'ಬಾ' ಎಂದು ಟೈಪ್ ಮಾಡಿ, ಕಳಿಸದೆ, ಎರಡು ದಿನ ಹಾಗೇ ಇಟ್ಟುಕೊಂಡಿದ್ದೆ.

ಆದರೆ ಇಷ್ಟು ಬರೆದ ಮೇಲೆ ಒಂದು ಗೊತ್ತಾಯಿತು. ನಾನು ಬೇಕೆಂದು ನೀನು ಕೇಳಿಲ್ಲ. ನಿನ್ನ ಜಾಗ ಇದೆಯೇ ಎಂದು ಕೇಳಿದ್ದೀಯ. ನೀನು ಒಯ್ದ ಮುನ್ನೂರ ನಲವತ್ತು ಜನರಲ್ಲಿ ಐವತ್ತೆರಡು ಮಂದಿ ವಾಪಸು ಬಂದಿದ್ದಾರೆ. ನಾನು ಯಾರಿಗೂ ಫೋನ್ ಮಾಡಿಲ್ಲ. ಆ ಕುರ್ಚಿಯಲ್ಲಿ ಕೂತು, ಎರಡು ಸಲ ತಪ್ಪಿದರೂ ಸರಿ, ನನ್ನೆದುರು ಕೈ ಚಾಚಿದ್ದಾರೆ. ನಿನಗೆ ಆ ಧೈರ್ಯ ಬಂದ ದಿನ ಮೆಸೇಜು ಮಾಡಬೇಡ, ಮೆಟ್ಟಿಲು ಹತ್ತಿ ಬಾ. ಅಲ್ಲಿಯವರೆಗೆ ನಿನಗೆ ಇಲ್ಲಿ ಜಾಗವಿಲ್ಲ.

ಎಲ್ಲಿದ್ದರೂ ನಿನ್ನ ಬೆರಳುಗಳು ಹುಷಾರಾಗಿರಲಿ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ.

ಇಂತಿ,
ಒಬ್ಬಳೇ ಅಳೆದು ಒಬ್ಬಳೇ ಹೊಲಿಯುತ್ತಿರುವ
ದಬ್ಬಣ