ಪುಟ್ಟಿ ಮೆತ್ತಿದ ಹಲ್ಲು

ನವೆಂಬರ್ 11, ಸೋಮವಾರ

ಮತ್ತೆ ಉಗುರಿನ ಸಂದಿಗೆಲ್ಲ ಕಪ್ಪು ಗ್ರೀಸು. ನಿಂಬೆಹಣ್ಣು, ಸೋಪಿನ ಪುಡಿ, ಪಾತ್ರೆ ತಿಕ್ಕುವ ಬ್ರಷ್ಷು — ಯಾವುದಕ್ಕೂ ಜಗ್ಗುವುದಿಲ್ಲ. ಇದೇ ಕೈಯಲ್ಲಿ ಚಪಾತಿ ಹಿಟ್ಟು ಕಲಸಬೇಕು. ಥೂ.

ಜುಲೈಯಲ್ಲಿ ಸ್ಟ್ರೋಕ್ ಆದಾಗಿನಿಂದ ಇವರ ಬಲಗೈ ನಾನೇ. ಸ್ನಾನ, ಶರ್ಟಿನ ಗುಂಡಿ, ಮಾತ್ರೆ... ಅದಕ್ಕೆ ಬೇಸರವಿಲ್ಲ. ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿಗೂ ನಾನೇ ಬಲಗೈ ಆಗಬೇಕಲ್ಲ, ಅದು ಅಸಹ್ಯ. ಮಿಲಿಟರಿ ವರ್ಕ್‌ಶಾಪಿನಿಂದ ರಿಟೈರಾದ ಮೇಲೆ ಹರಾಜಿನಲ್ಲಿ ಹಿಡಿದು ತಂದ ಮುದಿ ಯಂತ್ರ. ದೆಹಲಿಯ ರೋಹಿಣಿ ಬಡಾವಣೆಯ ಈ ಫ್ಲಾಟಿನ ಹಿಂದಿನ ಅಂಗಳ ಪೂರ್ತಿ ಅದರದ್ದೇ. ಅಡುಗೆಮನೆ ಬಾಗಿಲು ತೆಗೆದರೆ ಮೊದಲು ಅದರ ವಾಸನೆ.

ಸ್ಕ್ರೂ ಕೊರೆಯುವುದೆಂದರೆ ಇವರಿಗೆ ಪ್ರಾಣ. ಆದರೆ ಒಂದು ಅಳತೆಯ ತಿರುಪಿನಿಂದ, ಇವರ ಭಾಷೆಯಲ್ಲಿ ಥ್ರೆಡ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪಕ್ಕದ ಮುಚ್ಚಳ ತೆಗೆದು, ಹಲ್ಲಿನ ಚಕ್ರಗಳನ್ನು ಬಿಚ್ಚಿ, ಬೇರೆಯವನ್ನು ಕೂರಿಸಬೇಕು. ಎರಡು ಕೈ ಬೇಕೇ ಬೇಕು. ಇವರು ಸ್ಟೂಲಿನ ಮೇಲೆ ಕೂತು ಹುಕುಂ ಮಾಡುತ್ತಾರೆ.

"ಪದ್ಮಾ, ನಲವತ್ತು ಹಲ್ಲಿಂದು ಕೊಡು. ಅದಲ್ಲ. ಅದು ನಲವತ್ತೈದು. ಕಣ್ಣಿಲ್ವಾ?"

ನನ್ನದು ಮಿನಿಸ್ಟ್ರಿಯಲ್ಲಿ ಜನ್ಮವಿಡೀ ಫೈಲು ನೋಡಿದ ಕಣ್ಣು. ಈಗ ಕಬ್ಬಿಣದ ಹಲ್ಲು ಎಣಿಸಬೇಕು.

ನವೆಂಬರ್ 14

ಗುರುಗ್ರಾಮದಿಂದ ಲಾವಣ್ಯಾಳ ಫೋನು. "ಅಮ್ಮಾ, ಆ ಮೆಷಿನ್ನ ಗುಜರಿ ಕಬಾಡಿವಾಲಾಗೆ ಕೊಟ್ಬಿಡಿ ನಾ. ಕಿಚನ್ ಪಕ್ಕ ಆಯಿಲ್... ಛೀ, ಹೌ ಡು ಯು ಈಟ್?" ಮಗಳ ಮಾತು ಸರಿ ಅನಿಸಿತು. ಆದರೂ ನೋಡೋಣ ಎಂದು ಫೋನಿಟ್ಟೆ.

ಸಂಜೆ ದೇವೇಂದ್ರಪ್ಪ ಬಂದಿದ್ದರು. ಇವರ ಜೊತೆ ಅದೇ ವರ್ಕ್‌ಶಾಪಿನಲ್ಲಿ ಇದ್ದವರು, ಈಗ ಇಲ್ಲಿಯೇ ದ್ವಾರಕಾ ಬಡಾವಣೆಯಲ್ಲಿ ಮನೆ. ನನ್ನ ಕೈ ನೋಡಿ ನಕ್ಕರು.

"ಅಕ್ಕಾ, ಕ್ವಿಕ್-ಚೇಂಜ್ ಗೇರ್‌ಬಾಕ್ಸ್ ಅಂತ ಬರುತ್ತೆ. ಚಕ್ರ ಎಲ್ಲ ಅದರೊಳಗೇ ಇರುತ್ತೆ. ಹೊರಗಡೆ ಎರಡು ಲಿವರ್. ಹಿಂಗೆ ಎಳೆದ್ರೆ ಒಂದು ಥ್ರೆಡ್, ಹಂಗೆ ಎಳೆದ್ರೆ ಇನ್ನೊಂದು. ಒಂದು ಕೈ ಸಾಕು."

ಒಂದು ಕೈ ಸಾಕು! ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದರೋ ಈ ಮಾತನ್ನು.

ಇವರು ಮಾತ್ರ ಗೋಡೆ ಕಡೆ ಮುಖ ತಿರುಗಿಸಿದರು. "ಬೇಡ. ಅದನ್ನ ಕೂರಿಸೋಕೆ ಲೀಡ್ ಸ್ಕ್ರೂ ಕತ್ತರಿಸ್ಬೇಕು. ಒಂದ್ಸಲ ಕತ್ತರಿಸಿದ್ರೆ ಮುಗೀತು." ಲೀಡ್ ಸ್ಕ್ರೂ ಎಂದರೆ ಮೆಷಿನ್ನಿನ ಉದ್ದಕ್ಕೂ ಓಡುವ ತಿರುಪಿನ ಕಂಬಿ. ಅದೇ ಅದರ ಬೆನ್ನುಮೂಳೆಯಂತೆ. ಹೆಂಡತಿಯ ಬೆನ್ನುಮೂಳೆಯ ಬಗ್ಗೆ ಚಕಾರವಿಲ್ಲ.

ನವೆಂಬರ್ 24, ಭಾನುವಾರ

ಇವರನ್ನು ಕೇಳದೆ ದೇವೇಂದ್ರಪ್ಪನವರ ಜೊತೆ ಗುಜರಿ ಬಜಾರಿಗೆ ಹೋದೆ. ಹೊರಗೆ ಹೊಗೆಮಂಜು, ಗಂಟಲಲ್ಲಿ ಸುಟ್ಟ ರಬ್ಬರಿನ ರುಚಿ. ಅಂಗಡಿಯವನ ಬಾಯಿ ತುಂಬ ಗುಟ್ಕಾ. ಗೇರ್‌ಬಾಕ್ಸಿಗೆ ಹೊಸ ಹಸಿರು ಬಣ್ಣ ಬಳಿದು ಮದುಮಗಳ ಹಾಗೆ ಕೂರಿಸಿದ್ದ.

"ಆಂಟೀಜೀ, ಏಕ್‌ದಮ್ ಮಕ್ಖನ್!" ಬೆಣ್ಣೆಯ ಹಾಗೆ ಜಾರುತ್ತದೆ ಎಂದು ಲಿವರ್ ಎಳೆದು ತೋರಿಸಿದ. ಟಕ್, ಟಕ್. ಸೊಗಸಾಗಿ ಕೂತಿತು. ದೇವೇಂದ್ರಪ್ಪನವರೂ ಕೈಯಲ್ಲಿ ತಿರುಗಿಸಿ ನೋಡಿ ತಲೆಯಾಡಿಸಿದರು.

ಮನೆಗೆ ತಂದಾಗ ಇವರು ಎಡಗೈಯಲ್ಲಿ ಲಿವರ್ ಮುಟ್ಟಿ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ಹೇಳಿದರು — "ಕತ್ತರಿಸೋದಾದ್ರೆ ನಾನೇ ಕತ್ತರಿಸ್ತೀನಿ. ದೇವೇಂದ್ರ ಮುಟ್ಟಬಾರದು."

ಡಿಸೆಂಬರ್ 1

ಗರಗಸ ಎಳೆದ ಕೈ, ಅಕ್ಷರ ಸೊಟ್ಟಗಿದೆ. ಇರಲಿ.

ಕಂಬಿಯನ್ನು ಮೇಜಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ ದೇವೇಂದ್ರಪ್ಪ ಆಚೆ ಹೋಗಿ ನಿಂತರು. ಇವರು ಎಡಗೈಯಲ್ಲಿ ಗರಗಸದ ಹಿಡಿ ಹಿಡಿದರು. ಬ್ಲೇಡು ಅಡ್ಡಾದಿಡ್ಡಿ ಜಾರಿತು. ಇನ್ನೊಂದು ತುದಿ ನಾನು ಹಿಡಿದೆ. ಅವರು ತಳ್ಳಿದರೆ ನಾನು ಎಳೆಯಬೇಕು, ನಾನು ತಳ್ಳಿದರೆ ಅವರು.

ಅರ್ಧಕ್ಕೆ ಬಂದಾಗ ನಿಂತರು.

"ನಿನಗೆ ಹೇಸಿಗೆ ಆಗುತ್ತೆ, ಅಲ್ವಾ?"

"ಗ್ರೀಸಾ? ಆಗುತ್ತೆ. ವಾಕರಿಕೆ ಬರುತ್ತೆ."

"ಗ್ರೀಸ್ ಅಲ್ಲ."

ನಾನು ಬ್ಲೇಡಿನ ಮೇಲಿನ ಕಬ್ಬಿಣದ ಪುಡಿ ಊದಿದೆ.

"ಒಂದೊಂದು ಚಕ್ರ ಕೊಡುವಾಗ್ಲೂ ನಿನ್ನ ಮೂಗು ನೋಡ್ತೀನಿ ಪದ್ಮಾ. ಶರ್ಟಿನ ಗುಂಡಿ ಹಾಕುವಾಗ ಹಂಗಿರಲ್ಲ. ಅಲ್ಲಿ ನಾನು ಪೇಶೆಂಟು. ಇಲ್ಲಿ ನಾನು ಕೆಲಸ ಮಾಡ್ತಿರ್ತೀನಿ, ಅದೇ ನಿನಗೆ ಸೇರಲ್ಲ."

"ಏನ್ ಮಾತು ಅಂತ ಆಡ್ತೀರಿ! ಬೆಳಿಗ್ಗೆಯಿಂದ ಸಂಜೆ ತನಕ ಕಣ್ಣಿಲ್ವಾ, ಕೈಯಿಲ್ವಾ ಅಂತ ಬೈಸ್ಕೊಳ್ಳೋಳು ನಾನು. ಪೇಶೆಂಟಾಗಿದ್ದಾಗ ನೀವು ಬೈಯಲ್ಲ, ಅದಕ್ಕೇ ಮೂಗು ನೆಟ್ಟಗಿರುತ್ತೆ!"

ದೇವೇಂದ್ರಪ್ಪ ಅಂಗಳದ ಗೇಟು ದಾಟಿ ರಸ್ತೆಗೇ ಹೋದರು ಪಾಪ.

ಇವರ ತುಟಿಯ ಎಡತುದಿ ಮಾತ್ರ ನಕ್ಕಿತು. ಬಲತುದಿಗೆ ಇನ್ನೂ ನಗಲು ಬರುವುದಿಲ್ಲ. "ಎಳಿ," ಎಂದರು. ಎಳೆದೆ. ಕಂಬಿ ತುಂಡಾಯಿತು.

ಡಿಸೆಂಬರ್ 3

ಗೇರ್‌ಬಾಕ್ಸ್ ಕೂರಿಸಿದ್ದಾಯಿತು. ಸ್ವಿಚ್ಚು ಹಾಕಿ ಕಬ್ಬಿಣಕ್ಕೆ ಉಳಿ ತಾಗಿಸಿದ್ದೇ ತಡ — ಕಡ್ ಕಡ್ ಕಡ್. ಆಫ್ ಮಾಡಿ ಬಿಚ್ಚಿದರೆ ಒಳಗಿನ ಒಂದು ಚಕ್ರದಲ್ಲಿ ಒಂದು ಹಲ್ಲೇ ಇಲ್ಲ. ಅಂಗಡಿಯವನು ಮುರಿದ ಜಾಗಕ್ಕೆ ಗೋಡೆಗೆ ಹಚ್ಚುವಂಥ ಪುಟ್ಟಿ ಮೆತ್ತಿ, ಹಲ್ಲಿನ ಆಕಾರಕ್ಕೆ ತಿದ್ದಿ, ಮೇಲೆ ಬಣ್ಣ ಬಳಿದಿದ್ದ! ಬರಿಗೈಯಲ್ಲಿ ತಿರುಗಿಸಿದರೆ ನಿಲ್ಲುತ್ತದೆ. ಭಾರ ಬಿದ್ದರೆ ಪುಡಿ.

ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಡಿಸೆಂಬರ್ 4

ಅಂಗಡಿಗೆ ಹೋಗಿ ಕೂಗಾಡಿದೆ. "ಬಿಕಾ ಹುವಾ ಮಾಲ್ ವಾಪಸ್ ನಹೀ ಹೋತಾ, ಆಂಟೀಜೀ." ಮಾರಿದ ಸಾಮಾನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ನನ್ನ ಚಪ್ಪಲಿಯ ಪಕ್ಕದಲ್ಲೇ ಪಿಚಕ್ಕನೆ ಉಗಿದ. ಮನುಷ್ಯರ ಮೇಲೇ ಹೇಸಿಗೆ. ಮನೆಗೆ ಬಂದು ಬಿಸಿನೀರಲ್ಲಿ ಕಾಲು ತಿಕ್ಕಿ ತಿಕ್ಕಿ ತೊಳೆದೆ.

ಇವರು ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಆ ಹಲ್ಲು ಮುರಿದ ಚಕ್ರವನ್ನೇ ತಿರುಗಿಸಿ ನೋಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ಗೆಲುವಾಗಿ ಕಂಡದ್ದು ಇವತ್ತೇ.

"ಹಲ್ಲು ಕಟ್ಟೋಣ," ಎಂದರು.

ಡಿಸೆಂಬರ್ 22

ಬರೆಯಲು ಪುರಸೊತ್ತಿಲ್ಲ. ಬೆರಳುಗಳು ಹಿಡಿದುಕೊಂಡಿವೆ.

ಮುರಿದ ಜಾಗದಲ್ಲಿ ಸಣ್ಣ ತೂತು ಕೊರೆದು ಮೊಳೆ ಬಿಗಿದರು. ದೇವೇಂದ್ರಪ್ಪ ವೆಲ್ಡಿಂಗ್ ಗ್ಯಾಸು ತಂದು ಅದರ ಮೇಲೆ ಹಿತ್ತಾಳೆ ಕರಗಿಸಿ ಗುಡ್ಡೆ ಮಾಡಿ ಹೋದರು. ಇನ್ನು ಆ ಗುಡ್ಡೆಯನ್ನು ಅರದಲ್ಲಿ ಉಜ್ಜಿ ಉಜ್ಜಿ ಹಲ್ಲಾಗಿಸಬೇಕು. ಬಿಸ್ಕತ್ತು ಡಬ್ಬಿಯ ತಗಡಿನಲ್ಲಿ ಪಕ್ಕದ ಹಲ್ಲಿನ ಅಳತೆ ಕತ್ತರಿಸಿಕೊಂಡಿದ್ದೇವೆ. ಇವರ ಎಡಗೈ ಬೇಗ ಸೋಲುತ್ತದೆ. ಆಗ ನಾನು.

ಹಿತ್ತಾಳೆ ಪುಡಿ ತಲೆಗೂದಲಲ್ಲಿ, ಮೊಸರಿನಲ್ಲಿ, ಹಾಸಿಗೆಯಲ್ಲಿ. ಬಾಯಲ್ಲೆಲ್ಲ ಕಾಸು ಚೀಪಿದಂಥ ರುಚಿ. ಗೇರ್‌ಬಾಕ್ಸ್ ತಂದದ್ದೇ ಈ ಗಲೀಜಿನಿಂದ ಪಾರಾಗಲು. ಈಗ ಕುತ್ತಿಗೆಯವರೆಗೆ ಮುಳುಗಿದ್ದೇನೆ. ಇಂಥ ದರಿದ್ರ ವ್ಯಾಪಾರ ಲೋಕದಲ್ಲಿ ಇನ್ನೊಬ್ಬಳು ಮಾಡಿರಲಾರಳು.

"ಹೆಚ್ಚು ಉಜ್ಜಬೇಡ," ಎಂದರು ಇವತ್ತು.

"ಎಡಗಡೆ ಇನ್ನೂ ಉಬ್ಬಿದೆ. ನಿಮಗೆ ಕಣ್ಣಿಲ್ವಾ?"

ತಗಡು ಇಟ್ಟು ನೋಡಿದರು. ಉಬ್ಬಿತ್ತು.

ಜನವರಿ 12, ಭಾನುವಾರ

ಓಡಿತು. ಕಡ್ ಇಲ್ಲ, ಕಿರ್ ಇಲ್ಲ. ಇವರು ಎಡಗೈಯಲ್ಲೇ ಲಿವರ್ ಎಳೆದು, ಥ್ರೆಡ್ ಬದಲಿಸಿ, ಯಾರನ್ನೂ ಕರೆಯದೆ ಒಂದು ಸ್ಕ್ರೂ ಕೊರೆದರು. ದೇವೇಂದ್ರಪ್ಪ ಚಪ್ಪಾಳೆ ತಟ್ಟಿದರು. ನಾನು ಸೋಪು ಹಚ್ಚಿ ಕೈ ತೊಳೆದೆ. ಬಿಡುಗಡೆ.

ಜನವರಿ 16

ಕೈ ಕ್ಲೀನು. ಇವರು ಹಿಂದೆ ಅಂಗಳದಲ್ಲಿ. ಒಂದು ಸಲವೂ ಕೂಗಲಿಲ್ಲ. ಟೀವಿ ಹಾಕಿದೆ, ಆರಿಸಿದೆ. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುತ್ತಿದ್ದಳು. ಅದು ಗ್ರೀಸಿಗಿಂತ ಹೇಸಿಗೆ.

ಜನವರಿ 19

ಕಬ್ಬಿನ ಹಾಲಿನ ಗಾಡಿಯ ಭಯ್ಯಾ ತನ್ನ ಮೆಷಿನ್ನಿನ ಸವೆದ ಸ್ಕ್ರೂ ಕೊಟ್ಟು ಹೋಗಿದ್ದ. ಅಂಥದೇ ಎರಡು ಬೇಕಂತೆ. ಇವರು ಆಗಲೇ ಸ್ಟೂಲಿನ ಮೇಲೆ. ಹೋಗಿ ಪಕ್ಕದಲ್ಲಿ ನಿಂತೆ.

"ಏನು, ಟೀ ತಂದ್ಯಾ?" ಎಂದರು.

"ಟೀ ಆಮೇಲೆ. ಸರ್ಕೊಳ್ಳಿ ಆಕಡೆ. ಇದನ್ನ ನಾನು ಮಾಡ್ತೀನಿ."

"ನೀನಾ?"

"ಹೂಂ, ನಾನೇ. ಆ ಹಲ್ಲು ಉಜ್ಜಿದ್ದು ಯಾರು?"

ನನ್ನ ಮೂಗು ನೋಡಿದರು. ಆಮೇಲೆ ಸ್ಟೂಲು ಬಿಟ್ಟು ಗೋಡೆ ಹಿಡಿದು ನಿಂತರು. ಲಿವರ್ ಎಳೆದೆ. ಟಕ್. ಎಣ್ಣೆ ಮುಖಕ್ಕೇ ಸಿಡಿಯಿತು, ಥೂ, ಬಾಯೊಳಗೂ ಹೋಯಿತು. ಮೊದಲನೆಯ ಸ್ಕ್ರೂ ಹಾಳಾಯಿತು. ಅಸಹ್ಯವಾಗಿ ಹಾಳಾಯಿತು. ಎರಡನೆಯದು— ಇರಲಿ, ಅಂಗಳದಿಂದ ಇವರು ಕೂಗುತ್ತಿದ್ದಾರೆ.