ನೀನು ಅಂಟಿಸಿದ ಹಿಡಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ "ಏನಿಲ್ಲಪ್ಪ, ಬರೀ ಮಣ್ಣಿನ ಧೂಳು" ಎಂದು ತೇಲಿಸಿಬಿಟ್ಟೆ. ನಿನ್ನಮ್ಮನಿಗೆ ಆ ಮಾತು ಇನ್ನೂ ಗಂಟಲಿನಿಂದ ಕೆಳಗಿಳಿದಿಲ್ಲ. ಡಾಕ್ಟರಿಗೆ ತೋರಿಸು. ನಾವಿಬ್ಬರೂ ಆರಾಮ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ಇದನ್ನು ಹೇಳುವಾಗ ಆ ಕಡೆಯಿಂದ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ.

ಹೋದ ವಾರ ನಮ್ಮ ಆಫೀಸಿನ ಹಳೆಯ ಸಾಹೇಬರು ಮನೆಗೆ ಬಂದಿದ್ದರು. ನಾನು ನಿವೃತ್ತನಾಗಿ ಇಷ್ಟು ಕಾಲವಾದರೂ ಅವರನ್ನು ಕಂಡರೆ ನನ್ನ ಬೆನ್ನು ತಾನಾಗಿ ಬಗ್ಗುತ್ತದೆ, ಏನು ಮಾಡಲಿ. ನಿನ್ನಮ್ಮ ನೀನು ತಂದುಕೊಟ್ಟ ನೀಲಿ ಅಂಚಿನ ಕಪ್ಪುಗಳಲ್ಲಿ ಟೀ ತಂದಳು. ಸಾಹೇಬರು ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆರಳು ಎಷ್ಟು ಹಾಯಾಗಿ ಕೂರುತ್ತೆ ಇದರಲ್ಲಿ! ಎಲ್ಲಿ ತಗೊಂಡ್ರಿ?" ಎಂದರು. ನಾನು ಪೇಟೆಯ ದೊಡ್ಡ ಅಂಗಡಿಯೊಂದರ ಹೆಸರು ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳಿದ್ದಕ್ಕೆ, "ಒಂದು ಕಂಪನಿ ಆಫೀಸಲ್ಲಿದ್ದಾಳೆ ಸಾರ್" ಎಂದುಬಿಟ್ಟೆ. ನಿನ್ನಮ್ಮ ಟ್ರೇ ಹಿಡಿದು ಅಲ್ಲೇ ನಿಂತಿದ್ದಳು. "ಆಫೀಸಲ್ಲಲ್ಲ ಸಾರ್, ಕಪ್ ಫ್ಯಾಕ್ಟರೀಲಿ. ನೀವೀಗ ಹಿಡ್ಕೊಂಡಿದ್ದೀರಲ್ಲ, ಆ ಹಿಡೀನ ಅಂಟಿಸಿದ್ದು ಅವಳೇ" ಎಂದಳು. ಸಾಹೇಬರು ನಕ್ಕು ಅದೇ ಕಪ್ಪಿನಲ್ಲಿ ಇನ್ನಷ್ಟು ಟೀ ಕೇಳಿದರು. ಅವರು ಹೊರಡುವವರೆಗೂ ನಾನು ತಲೆ ಎತ್ತಲಿಲ್ಲ.

ಆಮೇಲೆ ಅವಳು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಪ್ಪು ತೊಳೆಯುತ್ತಾ, "ಅವಳು ಮಾಡಿದ್ರಲ್ಲಿ ಕುಡಿಯೋಕೆ ನಾಚಿಕೆ ಇಲ್ಲ, ಅವಳು ಮಾಡಿದ್ದು ಅನ್ನೋಕೆ ನಾಚಿಕೆ" ಎಂದಳು, ಅಷ್ಟೇ. ಮರುದಿನದಿಂದ ನನಗೆ ಟೀ ಸೇರುತ್ತಿಲ್ಲ. ಕಪ್ಪು ಬೇರೆ, ಹಿಡಿ ಬೇರೆ, ಎರಡನ್ನೂ ಒಬ್ಬರು ಕೂಡಿಸಬೇಕು ಎಂಬುದೇ ಈ ವಯಸ್ಸಿನವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ಮರದಲ್ಲಿ ಕಾಯಿ ಬಿಟ್ಟಂತೆ ಅಂಗಡಿಯಲ್ಲಿ ಕಪ್ಪು ಬಿಡುತ್ತದೆ ಎಂದುಕೊಂಡಿದ್ದೆನೇನೋ!

ನಿನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ ನಿನ್ನ ಫ್ಯಾಕ್ಟರಿಗೆ ಬಂದಿದ್ದೆ. ಹೌದು, ಬಂದಿದ್ದೆ. ಗೇಟಿನ ಪಕ್ಕದ ಮಾರಾಟದ ಕೋಣೆಯಿಂದ ಗಾಜಿನಾಚೆ ನೀವೆಲ್ಲ ಕೆಲಸ ಮಾಡುವುದು ಕಾಣುತ್ತದಲ್ಲ, ಅಲ್ಲಿ ನಿಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಅಷ್ಟು ಜನರಲ್ಲಿ ನೀನು ಯಾರೆಂದು ಮೊದಲು ತಿಳಿಯಲೇ ಇಲ್ಲ; ಮೊಣಕೈಯಿಂದ ಮುಂಗೂದಲು ತಳ್ಳಿಕೊಂಡಾಗ ಗುರುತು ಹತ್ತಿತು. ಹಿಡಿಯ ಎರಡೂ ತುದಿಗೆ ಕಲಸಿದ ಮಣ್ಣು ಸವರಿ, ಹಸಿ ಕಪ್ಪು ಸೊಟ್ಟಗಾಗದಂತೆ ಒತ್ತಿ, ಸ್ಪಂಜಿನಿಂದ ಒರೆಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ಹಲಗೆಯ ಮೇಲಿಡುತ್ತಿದ್ದೆ. ಒಂದು ಮಾತ್ರ ಏಕೋ ನಿನಗೆ ಒಪ್ಪಿಗೆಯಾಗಲಿಲ್ಲ. ಹಾಗೇ ಮುದ್ದೆ ಮಾಡಿ ತೊಟ್ಟಿಗೆ ಎಸೆದೆ. ನಿಂತುಕೊಂಡೇ ಮಾಡುತ್ತೀಯಲ್ಲೇ! ಕುರ್ಚಿ ಇರುತ್ತದೆ ಎಂದುಕೊಂಡಿದ್ದೆ. ಒಮ್ಮೆ ಸೊಂಟಕ್ಕೆ ಕೈಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡೆ. ನನ್ನ ತಾಯಿ ಹಾಗೆ ಮಾಡುತ್ತಿದ್ದಳು, ಆದರೆ ಮುದುಕಿಯಾದ ಮೇಲೆ. ಕೆಲಸದ ಹೊತ್ತಿನಲ್ಲಿ ತೊಂದರೆ ಕೊಡಬಾರದೆಂದು ನಿನ್ನನ್ನು ಕರೆಯದೆ ವಾಪಸು ಬಂದೆ. ಮನೆಯಲ್ಲಿ ಹೇಳಿದಾಗ ನಿನ್ನಮ್ಮ, "ಮಾತಾಡಿಸಿದ್ರಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಮೇಜಿನ ಸುತ್ತ ನಿಲ್ಲುವವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಕೈಗೆ ಯಾವತ್ತೂ ನೋವು ಬಾರದಿರಲಿ ಮಗಳೇ.

ನಿನ್ನ
ಅಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತೆಂದು ನಿನ್ನಮ್ಮ ಅವಸರ ಮಾಡುತ್ತಿದ್ದಾಳೆ. ತೊಂದರೆ ಕೊಡಬಾರದೆಂದು ಕರೆಯಲಿಲ್ಲ ಎಂದೆನಲ್ಲ, ಅದು ಸುಳ್ಳು. ಮಾರಾಟದ ಕೋಣೆಯ ಹೆಂಗಸು, "ಯಾರನ್ನಾದ್ರೂ ನೋಡ್ಬೇಕಿತ್ತಾ ಸಾರ್? ಕರೀಲಾ?" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಗಾಜಿನಾಚೆ ನೀನು ಕಾಣುತ್ತಿರುವಾಗಲೇ, "ಯಾರೂ ಇಲ್ಲಮ್ಮ, ಕಪ್ ನೋಡೋಕೆ ಬಂದೆ" ಎಂದೆ. ಸಾಹೇಬರ ಮುಂದೆ ಹೇಳಿದ್ದಕ್ಕಿಂತ ಇದು ದೊಡ್ಡದು. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ. ಇನ್ನೊಮ್ಮೆ ಬಂದು, ಕೆಲಸದ ದಿನವೇ, ಆ ಮಾರಾಟದ ಕೋಣೆಯ ಹೆಂಗಸಿನ ಎದುರಿಗೇ ನಿನ್ನನ್ನು ಕರೆಯಬೇಕೆಂದಿದ್ದೇನೆ. ಬರಲೇ? ಬೇಡವೆನಿಸಿದರೆ ಬೇಡವೆಂದೇ ಬರೆ.